ಬಾಗಿಲು ಒಳಗ ಬಿಡವಲ್ತು

21 ಜುಲೈ 2024, ಭಾನುವಾರ
ಟಿಳಕವಾಡಿ, ಬೆಳಗಾವಿ

ವಾರದಿಂದ ಬಿಡದ ಮಳೆ. ಗುರುಪೂರ್ಣಿಮೆ ಅಂತ ಅವ್ವ ಕಪಿಲೇಶ್ವರ ಗುಡಿಗೆ ಹೋಗಿದ್ದಳು. ನಾನು ಕಾಯಿಪಲ್ಲೆ ತರಲು ಹೊರಗೆ ಬಂದಿದ್ದೆ. ಅಷ್ಟರಲ್ಲಿ ಫೋನು: 'ತಮ್ಮಾ, ಈ ಬಾಗಿಲಾ ನನ್ನ ಒಳಗ ಬಿಡವಲ್ತೋ.'

ದೀಪಾವಳಿಗೆ ನಾನೇ ಆಸೆಪಟ್ಟು ಹಾಕಿಸಿದ ಸ್ಮಾರ್ಟ್ ಲಾಕ್ ಅದು. ಅವ್ವನ ಬೆರಳು ಅದಕ್ಕೆ ಒಂದೇ ಸಲಕ್ಕೆ ಗುರುತು ಸಿಗೋದು ಅಪರೂಪ. ನಲವತ್ತು ವರ್ಷ ರೊಟ್ಟಿ ಬಡಿದ ಬೆರಳು, ಗೆರೆ ಸವೆದಿವೆ. ರೇಷನ್ ಅಂಗಡಿಯ ಮಷಿನ್‌ದೂ ಇದೇ ತಕರಾರು. ಇವತ್ತು ಮಳೆಯಲ್ಲಿ ನೆಂದು ಸುಕ್ಕುಗಟ್ಟಿದ್ದವು ಬೇರೆ.

ಫೋನಿನಲ್ಲೇ ಪಿನ್ ಹೇಳಿದೆ. ಅವ್ವ ಸ್ಪೀಕರ್ ಹಾಕಿದ್ದಾಳೆ ಅಂತ ಗೊತ್ತಾಗಿದ್ದು ಪಕ್ಕದ ಮನೆ ಕಾಕಾ 'ನಾಕು, ಏಳು... ಮುಂದಿಂದು ಯಾವ್ದು?' ಅಂದಾಗ.

ಓಡಿಬಂದು ನೋಡಿದೆ. ಪಿನ್ ಸರಿಯಾಗೇ ಇತ್ತು. ಮರದ ಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒಳಗಿನ ಪುಟ್ಟ ಮೋಟಾರು ಜಿರ್ ಅನ್ನುತ್ತೆ, ಬೋಲ್ಟು ಅಲ್ಲಾಡಲ್ಲ, ಬೀಪ್ ಬೀಪ್. ಹಳೇ ಕೀಲಿಯಾಗಿದ್ದರೆ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕೀಲಿಕೈ ತಿರುವುತ್ತಿದ್ದೆವು. ಎಲ್ಲಿ ಬಿಗಿ ಅಂತ ಕೈಗೆ ಗೊತ್ತಾಗುತ್ತಿತ್ತು. ಮೋಟಾರಿಗೆ ಅದೆಲ್ಲ ಎಲ್ಲಿಂದ ಬರಬೇಕು?

ಐದಾರು ಸಲ ಹೀಗೆ ಒದ್ದಾಡಿ ಲಾಕ್ ಪೂರ್ತಿ ಸತ್ತೇ ಹೋಯಿತು. ಕೆಂಪು ದೀಪ ಹೋದ ವಾರದಿಂದ ಮಿಣುಕುತ್ತಿತ್ತು. ನಾಳೆ ನಾಲ್ಕು ಸೆಲ್ ತಂದರಾಯ್ತು ಅಂತ ನಾನೇ ಬಿಟ್ಟಿದ್ದೆ. ತುರ್ತಿಗೆ ಅಂತ ಕೊಟ್ಟಿದ್ದ ಕೀಲಿಕೈ? ಡಬ್ಬಿ ಸಮೇತ ಒಳಗೆ, ತಿಜೋರಿಯಲ್ಲಿ!

ನಮ್ಮ ಲಾಕಿನ ತಳದಲ್ಲಿ ಎರಡು ಸಣ್ಣ ಲೋಹದ ಚುಕ್ಕಿ ಇವೆ. ಅಲ್ಲಿಗೆ 9 ವೋಲ್ಟಿನ ಚೌಕ ಸೆಲ್ ಒತ್ತಿ ಹಿಡಿದರೆ ಜೀವ ಬರುತ್ತೆ. ಆ ಸೆಲ್ ಸಿಕ್ಕಿದ್ದು ಮೂರನೇ ಅಂಗಡಿಯಲ್ಲಿ. ನಾನು ಸೆಲ್ ಹಿಡಿದೆ, ಕಾಕಾ ಬಾಗಿಲಿಗೆ ಹೆಗಲು ಕೊಟ್ಟರು, ಅವ್ವ ಪಿನ್ ಒತ್ತಿದಳು. ತೆರೆಯಿತು.

ಅಷ್ಟು ಹತ್ತಿರ ಬಗ್ಗಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ನಾಲ್ಕೇ ಗುಂಡಿಗಳ ಮೇಲೆ ಅರಿಶಿನದ ಕಲೆ. ಯಾವ ನಾಲ್ಕು ಅಂಕಿ ಅಂತ ತಿಳಿದವನಿಗೆ ಉಳಿಯೋದು ಬರೀ 24 ಜೋಡಣೆ. ಪಿನ್ನಿನ ಹಿಂದೆ ಮುಂದೆ ಸುಳ್ಳು ಅಂಕಿ ಸೇರಿಸಿ ಒತ್ತಿದರೂ ತೆರೆಯುತ್ತೆ, ಕಲೆ ಎಲ್ಲ ಕಡೆ ಹರಡುತ್ತೆ ಅಂತ ಅವ್ವನಿಗೆ ಹೇಳಿದೆ. 'ಇದ್ದ ನಾಕ ನೆನಪಿಡೋದ ಸಾಕಾಗೇತಿ' ಅಂದಳು.

ಈಗ ರಾತ್ರಿ ಆ್ಯಪ್ ಅಪ್‌ಡೇಟ್ ಕೇಳುತ್ತಿದೆ. 2017ರಲ್ಲಿ ಅಮೆರಿಕದ ಒಂದು ಕಂಪನಿ ತಪ್ಪು ಅಪ್‌ಡೇಟ್ ಕಳಿಸಿ ಸುಮಾರು 500 ಲಾಕ್ ಕೆಡಿಸಿತ್ತು. ಸುಮ್ನೆ ಯಾಕೆ ಅಂತ 'ನಂತರ' ಒತ್ತಿದೆ.

ನಾಳೆ ಬಡಿಗೇರನ್ನು ಕರೆಸಬೇಕು. ಜಾಸ್ತಿ ಹೆರೆಸುವಂತಿಲ್ಲ, ಬೇಸಿಗೆಯಲ್ಲಿ ಸಂದಿ ಬೀಳುತ್ತೆ. ತುರ್ತು ಕೀಲಿಕೈ ಕಾಕಾನ ಮನೆಯಲ್ಲಿ ಇಡಬೇಕು. ಪಿನ್ನೂ ಬದಲಿಸಬೇಕು, ಕಾಕಾಗೆ ಬೇಜಾರಾಗದ ಹಾಗೆ.