ಗಂಜ್‌ನಿಂದ ಬಂದ ಆರು ಮಿಸ್ಡ್ ಕಾಲ್

ನೈಟ್ ಡ್ಯೂಟಿ ಮುಗಿಸಿ ರೂಮಿಗೆ ಬರುವಾಗ ಒಂಬತ್ತಾಗಿರುತ್ತದೆ. ಸ್ನಾನ ಮಾಡಿ, ಎರಡು ರೊಟ್ಟಿ ತಿಂದು, ಕಿಟಕಿಗೆ ದಪ್ಪ ಚಾದರ ಕಟ್ಟಿ ಮಲಗುವಷ್ಟರಲ್ಲಿ ಹತ್ತು. ಹತ್ತೂಕಾಲಿಗೆ ಮೊದಲ ಫೋನು. ಪರ್ಸನಲ್ ಲೋನ್ ಬೇಕಾ ಮೇಡಂ. ಕಟ್ ಮಾಡಿ ಮಗ್ಗುಲಾಗುತ್ತೇನೆ. ಹನ್ನೊಂದಕ್ಕೆ ಕ್ರೆಡಿಟ್ ಕಾರ್ಡ್, ಈ ಸಲ ಹಿಂದಿಯಲ್ಲಿ. ಆಮೇಲೆ ಹೈದರಾಬಾದ್ ಕಡೆಯ ಪ್ಲಾಟು.

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ತಿಂಗಳಲ್ಲಿ ಎಂಟು ಹತ್ತು ದಿನ ಹೀಗೆ ಹಗಲು ಮಲಗಬೇಕು. ಏಪ್ರಿಲ್, ಮೇನಲ್ಲಿ ಈ ಊರಿನ ಬಿಸಿಲಿಗೆ ಫ್ಯಾನಿನ ಗಾಳಿಯೂ ಸುಡುತ್ತದೆ, ನಿದ್ದೆ ಹತ್ತುವುದೇ ಕಷ್ಟ, ಹಾಗೂ ಹೀಗೂ ಹತ್ತಿದ ನಿದ್ದೆಯನ್ನು ಯಾರೋ ಗೊತ್ತಿಲ್ಲದವರು ಕೆಡಿಸಿಬಿಡುತ್ತಾರೆ. ರಾತ್ರಿ ಮತ್ತೆ ಹೋಗಿ ಡೋಸ್ ಲೆಕ್ಕ ಹಾಕಬೇಕಾದವಳು ನಾನು. ನಿದ್ದೆಗೆಟ್ಟ ಕಣ್ಣಿಗೆ ಒಂದು ಚುಕ್ಕಿ ಕಾಣದೆ ಹೋದರೆ ಏನಾಗುತ್ತದೆ ಅಂತ ನಮ್ಮ ಕೆಲಸದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫೋನ್ ಆಫ್ ಮಾಡಿ ಮಲಗು ಅಂತಾರೆ ಎಲ್ಲರೂ. ಹೇಗೆ ಮಾಡಲಿ? ಡ್ಯೂಟಿ ಬದಲಾದರೆ ಸಿಸ್ಟರ್ ಇನ್‌ಚಾರ್ಜ್ ಫೋನ್ ಮಾಡುತ್ತಾರೆ. ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿ ಅಪ್ಪ, ಅವ್ವ ಇಬ್ಬರೇ ಇದ್ದಾರೆ. ಅಪ್ಪನಿಗೆ ಬಿಪಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಂದ ನಂಬರನ್ನೆಲ್ಲ ಒಂದೊಂದಾಗಿ ಬ್ಲಾಕ್ ಮಾಡುತ್ತಾ ಹೋದೆ. ಒಂದು ದಿನ ಲಿಸ್ಟ್ ತೆಗೆದು ನೋಡಿದರೆ 211 ನಂಬರು. ಆದರೂ ಮರುದಿನ ಹತ್ತೂಕಾಲಿಗೆ ಫೋನು ಬಂದೇ ಬಂತು. ಅವರ ಹತ್ತಿರ ಸಿಮ್ಮುಗಳ ರಾಶಿಯೇ ಇರುತ್ತದೆ, ಒಂದು ಹೋದರೆ ಇನ್ನೊಂದು. ಒಬ್ಬ ಪರಿಚಯದವನು ಕಾಟ ಕೊಡುತ್ತಿದ್ದರೆ ಅವನ ನಂಬರ್ ಬ್ಲಾಕ್ ಮಾಡುವುದು ಸರಿಯಾದ ಮದ್ದು. ಕಂಪನಿಗಳ ಮುಂದೆ ಅದು ನಡೆಯುವುದಿಲ್ಲ.

ಇನ್ನೊಂದು ಬಗೆಯ ಫೋನೂ ಬರುತ್ತಿತ್ತು. ನನ್ನ ನಂಬರು ಮೊದಲು ಬೇರೆ ಯಾರದ್ದೋ ಆಗಿತ್ತು. ಸಿಮ್ ಬಂದ್ ಆದ ಮೇಲೆ ಕನಿಷ್ಠ 90 ದಿನ ಬಿಟ್ಟು ಅದೇ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ, ಹಾಗೆ ನನಗೆ ಬಂದದ್ದು. ಆ ಪುಣ್ಯಾತ್ಮ ಎಲ್ಲೋ ಸಾಲ ಮಾಡಿದ್ದ. ವಸೂಲಿಯವರು ನನಗೆ ಬೈಯುತ್ತಿದ್ದರು, ನೀನು ಅವನ ಹೆಂಡತಿ ಅಲ್ವಾ, ಫೋನ್ ಅವನಿಗೆ ಕೊಡು ಅಂತ. ರಾತ್ರಿ ಒಂಬತ್ತಕ್ಕೂ ಮಾಡಿದ್ದುಂಟು. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಅದೂ ಸಾಲ ಮಾಡಿದವನಿಗೇ, ನನಗೆ ಏನು ಸಂಬಂಧ? ಇದಕ್ಕೆ ಬ್ಲಾಕೂ ನಾಟಲಿಲ್ಲ, ಜಾಹೀರಾತಿನ ಫೋನ್ ಬೇಡ ಅಂತ ನೋಂದಾಯಿಸುವ ಡಿಎನ್‌ಡಿಯೂ ನಾಟಲಿಲ್ಲ. ಡಿಎನ್‌ಡಿ ನಿಲ್ಲಿಸುವುದು ಜಾಹೀರಾತನ್ನು, ವಸೂಲಿಯನ್ನಲ್ಲ. ಕೊನೆಗೆ ಆ ಸಾಲ ಕೊಟ್ಟವರ ದೂರು ವಿಭಾಗಕ್ಕೇ ಮೇಲ್ ಬರೆದೆ. ಈ ನಂಬರು ಇಂಥ ತಾರೀಖಿನಿಂದ ನನ್ನ ಹೆಸರಿನಲ್ಲಿದೆ, ನಿಮ್ಮ ದಾಖಲೆಯಿಂದ ತೆಗೆಯಿರಿ ಅಂತ, ಜೊತೆಗೆ ಅವರು ಫೋನ್ ಮಾಡಿದ ದಿನ, ಹೊತ್ತು ಎಲ್ಲಾ ಬರೆದು. ಎರಡು ವಾರದಲ್ಲಿ ನಿಂತಿತು. ಫೋನಿನಲ್ಲಿ ಕೂಗಾಡಿ ನಾನು ಕಳೆದದ್ದು ನಾಲ್ಕು ತಿಂಗಳು.

ಜಾಹೀರಾತಿನವರು ಮಾತ್ರ ನಿಲ್ಲಲಿಲ್ಲ. ಆಗ ನಾನು ಮಾಡಿದ ಕೆಲಸದ ಬಗ್ಗೆಯೇ ಇದನ್ನು ಬರೆಯುತ್ತಿರುವುದು. ಫೋನಿನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ, ಸ್ಟಾರ್ ಹಾಕಿದ ಐದು ನಂಬರಿಗೆ ಮಾತ್ರ ರಿಂಗ್ ಆಗುವ ಹಾಗೆ ಮಾಡಿ ಮಲಗಿದೆ. ಅಪ್ಪ, ಅವ್ವ, ಅಣ್ಣ, ಸಿಸ್ಟರ್, ವಾರ್ಡು. ಒಂದು ವಾರ ಹಾಯಾಗಿ ನಿದ್ದೆ ಮಾಡಿದೆ.

ಅದು ಜನವರಿ. ತೊಗರಿ ರಾಶಿ ಮುಗಿದು ಊರವರೆಲ್ಲ ಮಾಲು ಮಾರುವ ಕಾಲ. ಅಪ್ಪ ಬೇರೆಯವರ ಗಾಡಿಯಲ್ಲಿ ಚೀಲ ಹಾಕಿಕೊಂಡು ಕಲಬುರಗಿ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬಂದಿದ್ದರು. ನಾನು ಮಲಗಿರುತ್ತೇನೆ ಅಂತ ಬರುವ ವಿಷಯ ನನಗೆ ಹೇಳಿರಲಿಲ್ಲ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಬಿಪಿ ಗುಳಿಗೆ ಮಾತ್ರ ನುಂಗಿದ್ದರು. ಟೆಂಡರ್ ಆಗುವವರೆಗೆ ನಿಂತೇ ಇದ್ದು, ಹನ್ನೆರಡರ ಹೊತ್ತಿಗೆ ತಲೆ ತಿರುಗಿ ಚೀಲದ ಮೇಲೆ ಕುಸಿದು ಕೂತಿದ್ದಾರೆ. ಅವರ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಆದರೆ ನನ್ನ ನಂಬರು ಅವರಿಗೆ ಬಾಯಿಪಾಠ. ಒಬ್ಬ ಹಮಾಲ ತನ್ನ ಫೋನಿನಿಂದ ನನಗೆ ಹಚ್ಚಿದ. ಆರು ಸಲ.

ನನ್ನ ಫೋನು ತಲೆದಿಂಬಿನ ಪಕ್ಕದಲ್ಲೇ ಇತ್ತು. ಒಂದು ಸಲವೂ ಸದ್ದಾಗಲಿಲ್ಲ.

ನಾಲ್ಕಕ್ಕೆ ಎದ್ದು ನೋಡಿದೆ. ಗೊತ್ತಿಲ್ಲದ ಒಂದೇ ನಂಬರಿನಿಂದ ಆರು ಮಿಸ್ಡ್ ಕಾಲ್. 12:08, 12:10, 12:11, ಆಮೇಲೆ 12:30, 12:55, 1:20. ಲೋನಿನವರು ಹೀಗೆ ಮಾಡುವುದಿಲ್ಲ. ಕೈ ನಡುಗುತ್ತಾ ತಿರುಗಿ ಹಚ್ಚಿದೆ. "ಹಾಂ ಅಕ್ಕಾ, ನಿಮ್ಮ ಅಪ್ಪಾಜಿ ಈಗ ಚಲೋ ಅದಾರ್ರಿ, ಅಡತಿ ಅಂಗಡ್ಯಾಗ ಕುಂತಾರ" ಅಂದ ಆತ. ಆಟೋ ಹಿಡಿದು ಓಡಿದೆ. ಅಪ್ಪ ಚಾಪೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಸ್ಟೀಲ್ ಲೋಟ, ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು. ಹಮಾಲರೇ ಸಕ್ಕರೆ ನೀರು ಕುಡಿಸಿ, ಮಂಡಕ್ಕಿ ತಿನ್ನಿಸಿ ನೋಡಿಕೊಂಡಿದ್ದರು. ನನ್ನನ್ನು ನೋಡಿ ಅಪ್ಪ ಅಂದದ್ದು ಇಷ್ಟೇ: "ನೀ ಮಕ್ಕೊಂಡಿರ್ತಿ ಅಂತ ಗೊತ್ತಿತ್ತು ಬಿಡವ್ವ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ನಮ್ಮ ಕಡೆ ಫೋನು ಅಂದರೆ ಒಬ್ಬರದ್ದೇ ಅಲ್ಲ. ಬ್ಯಾಲೆನ್ಸ್ ಇಲ್ಲ, ಚಾರ್ಜ್ ಇಲ್ಲ, ಹೊಲದಲ್ಲಿ ನೆಟ್‌ವರ್ಕ್ ಸಿಗಲ್ಲ, ಪಕ್ಕದವರ ಫೋನ್ ಇಸ್ಕೊಂಡು ಮಾತಾಡುವುದು ದಿನದ ಮಾತು. ವಾರ್ಡಿನಲ್ಲೂ ಅಷ್ಟೇ, ಚಿಂಚೋಳಿಯಿಂದಲೋ ಸುರಪುರದಿಂದಲೋ ಬಂದ ಪೇಷಂಟಿನ ಜೊತೆಗಿದ್ದವರು ನನ್ನ ಹತ್ತಿರವೇ ಎಷ್ಟು ಸಲ ಫೋನ್ ಕೇಳಿದ್ದಾರೆ. ಅವರ ಮನೆಯವರಿಗೆ ನನ್ನದು ಗೊತ್ತಿಲ್ಲದ ನಂಬರೇ. ಹಾಗಾಗಿ ಗೊತ್ತಿಲ್ಲದ ನಂಬರನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸುವ ಉಪಾಯ ನಮಗೆ ಹೊಂದುವುದಿಲ್ಲ.

ಅಂದು ರಾತ್ರಿಯೇ ಕೂತು ಸೆಟ್ಟಿಂಗ್ ಎಲ್ಲ ನೋಡಿದೆ. ಆಂಡ್ರಾಯ್ಡ್‌ನ ಡು ನಾಟ್ ಡಿಸ್ಟರ್ಬ್ ಒಳಗೇ ರಿಪೀಟ್ ಕಾಲರ್ಸ್ ಅಂತ ಒಂದು ಗುಂಡಿ ಇದೆ. ಅದನ್ನು ಆನ್ ಮಾಡಿದರೆ, ಒಂದೇ ನಂಬರಿನಿಂದ 15 ನಿಮಿಷದ ಒಳಗೆ ಎರಡನೇ ಸಲ ಫೋನ್ ಬಂದಾಗ ರಿಂಗ್ ಆಗುತ್ತದೆ. ಐಫೋನಿನಲ್ಲಿ ಆ ಅವಧಿ 3 ನಿಮಿಷ. ನನ್ನದರಲ್ಲಿ ಅದು ಆಫ್ ಇತ್ತು. ಆನ್ ಇದ್ದಿದ್ದರೆ 12:10ಕ್ಕೇ ನನಗೆ ಎಚ್ಚರವಾಗುತ್ತಿತ್ತು. ನೀವು ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಈಗಲೇ ಫೋನ್ ತೆಗೆದು ಆ ಗುಂಡಿ ನೋಡಿ. ಮಾಲು ಮಾರುವವರಲ್ಲಿ ಹೆಚ್ಚಿನವರು ಒಂದು ಸಲ ಎತ್ತದಿದ್ದರೆ ಮುಂದಿನ ನಂಬರಿಗೆ ಹೋಗುತ್ತಾರೆ. ನಿಜವಾಗಿ ಬೇಕಾದವರು ತಕ್ಷಣ ಮತ್ತೆ ಹಚ್ಚುತ್ತಾರೆ. ಮನೆಯವರಿಗೂ ಹೇಳಿಟ್ಟಿದ್ದೇನೆ, ಯಾರ ಫೋನಿನಿಂದಲಾದರೂ ಸರಿ, ಬೆನ್ನು ಬೆನ್ನಿಗೆ ಎರಡು ಸಲ ಹಚ್ಚಿ ಅಂತ.

ಬ್ಲಾಕ್ ನಂಬರ್ಸ್ ಒಳಗೆ ಅನ್‌ನೋನ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಸೇವ್ ಮಾಡದ ನಂಬರೆಲ್ಲ ನಿಲ್ಲುತ್ತದೆ ಅಂತ ನಾನೂ ತಿಳಿದಿದ್ದೆ. ಹಾಗಲ್ಲ. ನಂಬರೇ ಕಾಣಿಸದೆ ಪ್ರೈವೇಟ್ ಅಂತ ಬರುವ ಫೋನುಗಳನ್ನು ಮಾತ್ರ ಅದು ತಡೆಯುವುದು. ವಾಟ್ಸಾಪ್ ಕಾಲ್ ಬೇರೆಯೇ, ಅದರ ಪ್ರೈವೆಸಿ ಸೆಟ್ಟಿಂಗಿನಲ್ಲಿ ಗೊತ್ತಿಲ್ಲದವರ ಕಾಲ್ ಸೈಲೆಂಟ್ ಮಾಡುವ ಆಯ್ಕೆ ಇದೆ. ಅದನ್ನು ಮಾತ್ರ ಯೋಚನೆ ಮಾಡದೆ ಹಾಕಿ, ಯಾಕೆಂದರೆ ಕಷ್ಟದಲ್ಲಿರುವ ಯಾರೂ ಪಕ್ಕದವರ ಫೋನ್ ಇಸ್ಕೊಂಡು ವಾಟ್ಸಾಪ್ ಕಾಲ್ ಮಾಡುವುದಿಲ್ಲ.

ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಇರುವ ಗೊಂದಲ ಇನ್ನೊಂದು. ಫೋನಿನೊಳಗಿನ ಡು ನಾಟ್ ಡಿಸ್ಟರ್ಬ್ ಬೇರೆ, ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರಕಾರಿ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಬೇರೆ. ಮೊದಲನೆಯದು ನಮ್ಮ ಫೋನಿನ ಬಾಯಿ ಮುಚ್ಚಿಸುತ್ತದೆ ಅಷ್ಟೇ. ಎರಡನೆಯದು, ಈ ನಂಬರಿಗೆ ಜಾಹೀರಾತಿನ ಫೋನ್ ಮಾಡಬೇಡಿ ಅಂತ ನಾವು ನೋಂದಾಯಿಸುವುದು. ಇಂಗ್ಲಿಷ್‌ನಲ್ಲಿ ಸ್ಟಾರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಮೆಸೇಜ್ ಕಳಿಸಬೇಕು. ಅದೇ ನಂಬರಿಗೆ ಫೋನ್ ಮಾಡಿಯೂ ಹೇಳಬಹುದು. ಬ್ಯಾಂಕಿನ ಓಟಿಪಿ, ಆಸ್ಪತ್ರೆಯ ಮೆಸೇಜ್ ಇವು ನಿಲ್ಲುವುದಿಲ್ಲ, ಹೆದರಬೇಡಿ.

ನೋಂದಾಯಿಸಿದ ಮೇಲೂ ಫೋನ್ ಬರುತ್ತವೆ, ಅದನ್ನೂ ಹೇಳಲೇಬೇಕು. ನಿಯಮದ ಪ್ರಕಾರ ಜಾಹೀರಾತಿನ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಬ್ಯಾಂಕಿನಂಥವರು ತಮ್ಮ ಗ್ರಾಹಕರ ಖಾತೆ ಕೆಲಸಕ್ಕೆ ಮಾಡುವ ಕರೆಗೆ 1600ರ ಸಾಲು ಕೊಟ್ಟಿದ್ದಾರೆ. ನಮಗೆ ಬರುವ ಹೆಚ್ಚಿನ ಕಾಟ ಈ ಎರಡೂ ಅಲ್ಲ, ನಮ್ಮ ನಿಮ್ಮಂಥದ್ದೇ ಹತ್ತು ಅಂಕಿಯ ನಂಬರಿನದ್ದು. ಅದರಿಂದ ಮಾಲು ಮಾರುವುದೇ ತಪ್ಪು, ಅಲ್ಲಿ ದೂರು ಕೊಟ್ಟರೆ ಬೆಲೆ ಇದೆ. 2025ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಬಿಗಿ ಮಾಡಿತು. ಮೊದಲು ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈಗ ಏಳು ದಿನ. ಹತ್ತು ಅಂಕಿ ನಂಬರಿನವರ ಮೇಲಿನ ದೂರಿಗೆ ಮೊದಲಿದ್ದ ಮೂವತ್ತು ದಿನದ ಬದಲು ಐದು ದಿನದಲ್ಲಿ ಕ್ರಮ ಆಗಬೇಕು. ಡಿಎನ್‌ಡಿಯಲ್ಲಿ ಹೆಸರಿಲ್ಲದಿದ್ದರೂ ಅವರ ಮೇಲೆ ದೂರು ಕೊಡಬಹುದು. ಹತ್ತು ದಿನದಲ್ಲಿ ಒಂದೇ ನಂಬರಿನ ಮೇಲೆ ಐದು ದೂರು ಬಿದ್ದರೆ ಸಾಕು, ಕ್ರಮಕ್ಕೆ ದಾರಿಯಾಗುತ್ತದೆ. ಅದಕ್ಕೇ ನಾನು ಬ್ಲಾಕ್ ಒತ್ತಿ ಸುಮ್ನೆ ಆಗುವುದನ್ನು ಬಿಟ್ಟಿದ್ದೇನೆ. ಬ್ಲಾಕ್ ಮಾಡಿದರೆ ನನ್ನೊಬ್ಬಳಿಗೆ ನೆಮ್ಮದಿ, ಅದೇ ನಂಬರು ಪಕ್ಕದ ಮಂಚದ ಸಿಸ್ಟರನ್ನು ಎಬ್ಬಿಸುತ್ತದೆ. ಸಂಜೆ ಚಹಾ ಕುಡಿಯುವಾಗ ಟ್ರಾಯ್‌ನ ಡಿಎನ್‌ಡಿ ಆಪ್ ತೆಗೆದು ಅಂದಿನ ನಂಬರು ಹಾಕಿಬಿಡುತ್ತೇನೆ. ನನಗೆ ಬರುವ ಫೋನು ದಿನಕ್ಕೆ ಏಳೆಂಟು ಇದ್ದದ್ದು ಈಗ ಒಂದೆರಡಕ್ಕೆ ಇಳಿದಿದೆ.

ಅಪ್ಪನ ಫೋನಿನದ್ದು ಬೇರೆಯೇ ಚಿಂತೆ. ಅಪ್ಪನಿಗೆ ಫೋನ್ ಕಟ್ ಮಾಡಲು ಬರುವುದಿಲ್ಲ. ಗುಂಡಿ ಗೊತ್ತಿಲ್ಲ ಅಂತಲ್ಲ, ಮನಸ್ಸು ಬರುವುದಿಲ್ಲ. ಲೋನಿನ ಹುಡುಗಿಗೂ "ಊಟ ಆತೇನವ್ವ?" ಅಂತ ಕೇಳುತ್ತಾರೆ. ಬೇಡ ಎತ್ತಬೇಡಿ ಅಂದರೆ, "ಯಾರ ಮನ್ಯಾಗ ಏನ್ ಆಗಿರ್ತದೋ, ಎತ್ತಬೇಕಲ್ಲ" ಅಂತಾರೆ. ಗಂಜ್‌ನಲ್ಲಿ ಬಿದ್ದ ಮೇಲೆ ಆ ಮಾತಿಗೆ ನನ್ನ ಹತ್ತಿರ ಉತ್ತರವೇ ಇಲ್ಲ.

ಈ ಒಳ್ಳೆಯತನಕ್ಕೇ ಗಾಳ ಹಾಕುವವರಿದ್ದಾರೆ. ಕಳೆದ ತಿಂಗಳು ಒಬ್ಬ ಫೋನ್ ಮಾಡಿ, ಪಿಎಂ ಕಿಸಾನ್ ಆಫೀಸಿನಿಂದ ಅಂತ ಹೇಳಿ, ಕೆವೈಸಿ ಆಗಿಲ್ಲ, ಮುಂದಿನ 2000 ರೂಪಾಯಿ ಕಂತು ಬರುವುದಿಲ್ಲ ಅಂದಿದ್ದಾನೆ. ವಾಟ್ಸಾಪಿಗೆ ಒಂದು ಫೈಲ್ ಕಳಿಸಿ ಒತ್ತು ಅಂದಿದ್ದಾನೆ. "ನನ್ನ ಮಗಳು ಆಯಿತವಾರ ಬರ್ತಾಳ್ರಿ, ಆಕಿ ಕೈಲಿ ಮಾಡಸ್ತೀನಿ" ಅಂದಿದ್ದಾರೆ ಅಪ್ಪ. ಆ ಮಾತೇ ಕಾಪಾಡಿತು. ನಾನು ಹೋಗಿ ನೋಡಿದರೆ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದ ಫೈಲು. ಅಂಥದ್ದನ್ನು ಒತ್ತಿದರೆ ಫೋನಿನೊಳಗೆ ಅವರದೇ ಆಪ್ ಕೂತು, ಬರುವ ಓಟಿಪಿಯನ್ನೆಲ್ಲ ಓದಿಕೊಂಡುಬಿಡಬಹುದು. ತೊಗರಿ ಮಾರಿದ ದುಡ್ಡು ಅದೇ ಖಾತೆಯಲ್ಲಿತ್ತು. ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಅಂಥ ಮೋಸದ ಫೋನು, ಮೆಸೇಜುಗಳನ್ನು ಸರಕಾರದ ಸಂಚಾರ್ ಸಾಥಿ ಜಾಲತಾಣದ ಚಕ್ಷು ಎಂಬಲ್ಲಿ ತಿಳಿಸಬಹುದು, ನಾನು ಅಲ್ಲೇ ಹಾಕಿದೆ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವುದು ಸುಲಭ. ಅಪ್ಪನ ಫೋನಿನ ಹಿಂದೆ ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಿನಿಂದ 1930 ಅಂತ ಬರೆದಿದ್ದೇನೆ, ವಾರ್ಡಿನಲ್ಲಿ ಸಲೈನ್ ಬಾಟಲಿಗೆ ಬರೆಯುವ ಹಾಗೆ. ಫೋನ್ ಮಾಡಿದವರ ಹೆಸರು ತೋರಿಸುವ ಆಪ್ ಅವರಿಗೆ ಹಾಕಿಲ್ಲ. ಅದರಲ್ಲಿ ಬರುವ ಹೆಸರು ಎಷ್ಟೋ ಸಲ ಜನರೇ ಕೊಟ್ಟದ್ದು, ಪರದೆಯ ಮೇಲೆ ಆಫೀಸಿನ ಹೆಸರು ಕಂಡರೆ ಅಪ್ಪ ಪೂರಾ ನಂಬಿಬಿಡುತ್ತಾರೆ.

ಎತ್ತಬೇಡಿ ಅನ್ನುವುದನ್ನು ಬಿಟ್ಟೆ. ಎತ್ತಿ, ಮಾತಾಡಿ, ಊಟ ಆಯ್ತಾ ಅಂತಲೂ ಕೇಳಿ. ದುಡ್ಡು, ಆಧಾರ್, ಓಟಿಪಿ, ಫೈಲ್ ಇವುಗಳಲ್ಲಿ ಒಂದು ಮಾತು ಬಂದರೂ "ಮಗಳನ್ನ ಕೇಳ್ತೀನಿ" ಅಂದು ಇಟ್ಟುಬಿಡಿ ಅಂತ ಹೇಳಿಕೊಟ್ಟಿದ್ದೇನೆ. ಇದು ಅವರಿಗೆ ಒಪ್ಪಿಗೆಯಾಯಿತು.

ಇನ್ನು ಅವ್ವನ ಕೀಪ್ಯಾಡ್ ಫೋನು ಉಳಿದಿದೆ. ಅದರಲ್ಲಿ ಆಪ್ ಇಲ್ಲ, ಆದರೆ 1909ಕ್ಕೆ ಮೆಸೇಜ್ ಹೋಗುತ್ತದೆ. ಗೃಹಲಕ್ಷ್ಮಿ ದುಡ್ಡು ಬರುವ ಖಾತೆಗೆ ಅದೇ ನಂಬರು ಜೋಡಿಸಿದೆ, ಹಾಗಾಗಿ ತಡ ಮಾಡುವ ಹಾಗಿಲ್ಲ. ಈ ಆಯಿತವಾರ ಜೇವರ್ಗಿ ಬಸ್ಸು ಹತ್ತುತ್ತೇನೆ.