ಬಿಟ್ಟರೆ ಅದು ಎಲ್ಲಿಗೆ ಹೋಗುತ್ತೆ?

ಬುಧವಾರ ನಮ್ಮ ಎಂ.ಟೆಕ್ ಹುಡುಗಿಯ ಪ್ರಾಜೆಕ್ಟ್ ರಿವ್ಯೂ ಇತ್ತು. ಅಂಟಿಸಿದ ಜೋಡಣೆ ಎಷ್ಟು ಭಾರಕ್ಕೆ ಕಿತ್ತುಬರುತ್ತೆ ಅನ್ನೋದು ವಿಷಯ. ಹೊರಗಿನಿಂದ ಬಂದಿದ್ದ ಪ್ರೊಫೆಸರು ಗ್ರಾಫ್ ನೋಡಿದರು. ಚುಕ್ಕಿಗಳೆಲ್ಲ ಗೆರೆಯ ಆಚೀಚೆ ಚೆನ್ನಾಗಿಯೇ ಕೂತಿದ್ದವು. ಒಂದು ಮಾತ್ರ, ಲೆಕ್ಕ ಹೇಳಿದ ಭಾರದ ಅರ್ಧವನ್ನೂ ಮುಟ್ಟದೆ, ಕೆಳಗೆಲ್ಲೋ ಬಿದ್ದಿತ್ತು.

“ಅದೊಂದನ್ನ ಬಿಟ್ಟಾಕಮ್ಮ. ಔಟ್‌ಲೈಯರ್ ಅಂತ ಬರೆದು ಮುಂದಕ್ಕೆ ಹೋಗು,” ಅಂದರು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಬಿಟ್ಟರೆ ಅದು ಎಲ್ಲಿಗೆ ಹೋಗುತ್ತೆ ಸರ್?” ಅಂದಳು.

ಎದುರುತ್ತರ ಅಲ್ಲ ಅದು. ಅರಕಲಗೂಡು ಕಡೆಯವಳು, ಮಾತು ಕಮ್ಮಿ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಸರ್ ನಕ್ಕರು, ಗಡಿಯಾರ ನೋಡಿಕೊಂಡರು, ಮುಂದಿನ ಸ್ಲೈಡ್ ಅಂದರು. ಕೆಟ್ಟ ಮನುಷ್ಯರೇನಲ್ಲ. ಮಧ್ಯಾಹ್ನದ ಬೆಂಗಳೂರು ಬಸ್ಸಿನ ಮೇಲೆ ಮನಸ್ಸಿತ್ತು ಅಷ್ಟೇ. ಆದರೆ ಮುರಿದ ಪೀಸ್ ಮೇಜಿನ ಮೇಲೇ ಇತ್ತು. ಕೈಗೆತ್ತಿಕೊಂಡು ನೋಡಬಹುದಿತ್ತು ಅಲ್ವಾ?

ಅವಳ ಕೆಲಸ ಏನೆಂದರೆ, ಎರಡು ತೆಳು ಗ್ಲಾಸ್ ಫೈಬರ್ ಹಾಳೆಗಳ ನಡುವೆ ಹಗುರ ಫೋಮ್ ಇರುವ ಸ್ಯಾಂಡ್‌ವಿಚ್ ಪ್ಯಾನೆಲ್‌ಗಳನ್ನು ಎದುರುಬದುರು ಇಟ್ಟು, ಮೇಲೊಂದು ಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿ ಎಳೆಯೋದು. ಯಾವ ಭಾರಕ್ಕೆ ಕಿತ್ತುಬರುತ್ತೆ ಅಂತ ಎಳೆಯುವ ಮೊದಲೇ ಹೇಳಬೇಕು. ಈ ಲೆಕ್ಕ ಹಳೆಯದು. ಭಾರ ಅಂಟಿನ ಉದ್ದಕ್ಕೂ ಸಮನಾಗಿ ಬೀಳಲ್ಲ, ಎರಡು ತುದಿಗಳಲ್ಲೇ ಜಾಸ್ತಿ ಅಂತ ವೋಲ್ಕರ್‌ಸೆನ್ 1938ರಲ್ಲೇ ತೋರಿಸಿದ್ದ. 1944ರಲ್ಲಿ ಗೋಲಂಡ್ ಮತ್ತು ರೈಸ್ನರ್ ಇನ್ನೊಂದು ಸೇರಿಸಿದರು: ಒಂದರ ಮೇಲೊಂದು ಅಂಟಿಸಿದ್ದನ್ನು ಎಳೆದಾಗ ಅದು ಬಾಗುತ್ತೆ, ಬಾಗಿದಾಗ ತುದಿ ಮೇಲೇಳುತ್ತೆ. ಬಕೆಟ್ ಮೇಲಿನ ಸ್ಟಿಕ್ಕರ್ ಎಷ್ಟು ಉಜ್ಜಿದರೂ ಜರುಗಲ್ಲ, ಮೂಲೆಗೆ ಉಗುರು ಹಾಕಿದರೆ ಸಲೀಸಾಗಿ ಬರುತ್ತಲ್ಲ, ಹಾಗೆ. ಈಗ ಕಂಪ್ಯೂಟರಿಗೆ ಮುಖ್ಯವಾಗಿ ಎರಡು ಸಂಗತಿ ಹೇಳುತ್ತೇವೆ. ಎಷ್ಟು ಒತ್ತಡಕ್ಕೆ ಅಂಟು ಬಿರುಕು ಬಿಡಲು ಶುರು ಮಾಡುತ್ತೆ, ಬಿರುಕು ಮುಂದೆ ಸಾಗಲು ಎಷ್ಟು ಶಕ್ತಿ ಬೇಕು. ಹುಡುಗಿ ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದಳು.

ಒಳ್ಳೆಯ ಪೀಸ್ ಮುರಿದರೆ ಎರಡೂ ಮುಖದಲ್ಲಿ ಅಂಟು ಉಳಿದಿರುತ್ತೆ. ಇಲ್ಲವೇ ಹಾಳೆಯ ಎಳೆ ಕಿತ್ತು ಬಂದಿರುತ್ತೆ, ಫೋಮ್ ಹರಿದಿರುತ್ತೆ. ಇವೆಲ್ಲ ಲೆಕ್ಕಕ್ಕೆ ಸಿಗುವ ಸಾವುಗಳು. ಈ ಪೀಸಿನಲ್ಲಿ ಅಂಟೆಲ್ಲ ಪಟ್ಟಿಯ ಮೇಲೇ ಇತ್ತು. ಪ್ಯಾನೆಲ್ ಮುಖ ತೊಳೆದಿಟ್ಟ ತಟ್ಟೆ. ಸ್ಯಾಂಡ್‌ಪೇಪರ್ ಗೀರುಗಳ ಅಚ್ಚು ಕೂಡ ಅಂಟಿನಲ್ಲಿ ಹಾಗೇ ಮೂಡಿತ್ತು. ಅಂದರೆ ಅಂಟು ಪೂರ್ತಿ ತಾಗಿತ್ತು, ಆದರೆ ಹಿಡಿದಿರಲಿಲ್ಲ.

ರಿವ್ಯೂ ಮುಗಿದ ಮೇಲೆ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಉಳಿದ ಹಾಳೆಯ ತುಂಡು ಹುಡುಕಿ ತಂದರು. ಬೆರಳಾಡಿಸಿ, “ಜಿಡ್ಡು ಇದೆ ನೋಡಿ ಮೇಡಂ,” ಅಂದರು. ಮೊದಲ ಹಾಳೆ ಸಾಲದೆ ಬಂದಿದ್ದಕ್ಕೆ ಅದೊಂದನ್ನು ಬೇರೆ ದಿನ ಮಾಡಿದ್ದರಂತೆ. ರಾತ್ರಿಯೆಲ್ಲ ಮಳೆ, ಕಿಟಕಿ ತೆರೆದೇ ಇತ್ತು. ಹಾಸನದ ಜುಲೈ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನ ಒಣಗಲ್ಲ. ಹಾಳೆ ಮಾಡಲು ಬಳಸುವ ಎಪಾಕ್ಸಿಯನ್ನು ಗಟ್ಟಿ ಮಾಡುವ ಹಾರ್ಡನರ್‌ನಲ್ಲಿರುವ ಅಮೈನ್, ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮೇಲೆ ತೆಳುವಾದ ಪದರ ಕಟ್ಟುತ್ತೆ. ಅದು ನೀರಿಗೆ ಹೋಗುತ್ತೆ, ಅಸಿಟೋನ್‌ಗೆ ಸರಿಯಾಗಿ ಹೋಗಲ್ಲ. ಹುಡುಗಿ ಪುಸ್ತಕದಲ್ಲಿದ್ದ ಹಾಗೆ ಅಸಿಟೋನ್‌ನಲ್ಲೇ ಒರೆಸಿದ್ದಳು, ಆಮೇಲೆ ಉಜ್ಜಿದ್ದಳು. ತೊಳೆಯದೆ ಉಜ್ಜಿದರೆ ಆ ಜಿಡ್ಡು ಹೋಗೋದಿಲ್ಲ, ಹರಡುತ್ತೆ.

ಮನೆಗೆ ಹೋಗುವಾಗ ಸಾಲಗಾಮೆ ರಸ್ತೆಯಲ್ಲಿ ಸ್ಕೂಟರ್ ಮೇಲೆ ಅದೇ ಮಾತು ತಲೆಯಲ್ಲಿ. ಎಲ್ಲಿಗೆ ಹೋಗುತ್ತೆ ಸರ್? ಇದೇ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. 1982ರಿಂದ ಇಲ್ಲಿ ಕೂತು, ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಉಪಗ್ರಹದ ಮೈ ಬಹುಪಾಲು ಅಂಟಿಸಿದ ಸ್ಯಾಂಡ್‌ವಿಚ್ ಪ್ಯಾನೆಲ್ಲೇ, ನಡುವೆ ಅಲ್ಯೂಮಿನಿಯಂ ಜೇನುಗೂಡು. ಹಾಸನದಿಂದ ಆಜ್ಞೆ ಕಳಿಸಬಹುದು, ಬಿಟ್ಟುಹೋದ ಅಂಟನ್ನು ಮತ್ತೆ ಹಚ್ಚಿ ಬರೋಕಾಗಲ್ಲ.

ನಾಸಾದ ಪ್ರಾಯೋಗಿಕ ಬಾಹ್ಯಾಕಾಶ ವಿಮಾನ ಎಕ್ಸ್-33 ನೆನಪಾಯಿತು. 1999ರ ನವೆಂಬರ್‌ನಲ್ಲಿ ಅದರ ದ್ರವ ಹೈಡ್ರೋಜನ್ ಟ್ಯಾಂಕಿನ ಪರೀಕ್ಷೆ ಮುಗಿದ ಮೇಲೆ, ಹೊರಗಿನ ಹಾಳೆ ಜೇನುಗೂಡಿನ ಸಮೇತ ಒಳಹಾಳೆಯಿಂದ ಎದ್ದು ಬಂತು. ಒಳಹಾಳೆಯ ಸಣ್ಣ ಬಿರುಕುಗಳಿಂದ ಹೈಡ್ರೋಜನ್ ನುಸುಳಿತ್ತು, ಬೆಚ್ಚಗಾದಂತೆ ಒಳಗೆ ಒತ್ತಡ ಏರಿತ್ತು. ತನಿಖೆಯಲ್ಲಿ ಅಂಟಿನ ಬಲ ಕಮ್ಮಿ ಇದ್ದದ್ದೂ ಒಂದು ಕಾರಣ ಅಂತ ಬಂತು. 2001ರಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟರು. ಅಲ್ಲಿ ಲೆಕ್ಕ ಗೊತ್ತಿದ್ದವರಿಗೇನು ಬರವೇ?

ನಮ್ಮ ಮಾಡೆಲ್ ಹೇಳೋದು ಚೆನ್ನಾಗಿ ಅಂಟಿದ್ದು ಯಾವಾಗ ಬಿಡುತ್ತೆ ಅಂತ. ಹೊರಗೆ ಕಿತ್ತುಬರುವುದರಲ್ಲಿ ಎಷ್ಟೋ ಮೊದಲಿಗೇ ಅಂಟಿರಲ್ಲ. ತಾಗಿದ್ದು ಹಿಡಿದಿದೆಯೋ ಇಲ್ಲವೋ ಅಂತ ನಾಣ್ಯ ಕುಟ್ಟಿ ನೋಡಿದರೂ ತಿಳಿಯಲ್ಲ, ಸಾಮಾನ್ಯ ಅಲ್ಟ್ರಾಸೌಂಡ್‌ಗೂ ಕಾಣಲ್ಲ. ವಿಮಾನದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಪ್ರಾಣಕ್ಕೆ ಸಂಬಂಧಿಸಿದ ಕಡೆ, ಅಂಟು ಬಿಟ್ಟರೂ ಬೇರೆ ಏನಾದರೂ ಭಾರ ಹೊರುವ ಹಾಗೆ ಮಾಡಿ, ಇಲ್ಲವೇ ಪ್ರತಿಯೊಂದನ್ನೂ ಭಾರ ಹಾಕಿ ಪರೀಕ್ಷಿಸಿ, ಇಲ್ಲವೇ ಅದರ ಬಲವನ್ನೇ ಖಾತ್ರಿಪಡಿಸುವ ತಪಾಸಣೆ ತೋರಿಸಿ ಅನ್ನುತ್ತೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ಅಷ್ಟು ದೊಡ್ಡವರೇ ಅಂಟನ್ನು ಸುಮ್ನೆ ನಂಬಲ್ಲ. ನಾವು ಎಂಥ ಧೈರ್ಯದಲ್ಲಿ ಕೆಟ್ಟ ಚುಕ್ಕಿ ಅಳಿಸುತ್ತೇವೆ?

ಗ್ರಾಫ್ ಚಂದ ಕಾಣಲಿ ಅಂತ, ಅಷ್ಟೇ. ಜರ್ನಲ್‌ಗೂ ಅದೇ ಇಷ್ಟ, ರಿವ್ಯೂಗೂ ಅದೇ ಇಷ್ಟ. ಹುಡುಗರು ಎರಡೇ ಸೆಮಿಸ್ಟರ್‌ನಲ್ಲಿ ಇದನ್ನು ಕಲಿತುಬಿಡುತ್ತಾರೆ. ಇವಳು ಕಲಿಯದೆ ಉಳಿದದ್ದು ಹೇಗೋ ಕಾಣೆ.

ಆ ಚುಕ್ಕಿ ಥೀಸಿಸ್‌ನಲ್ಲಿ ಉಳಿಯುತ್ತೆ, ಮುರಿದ ಮುಖದ ಫೋಟೋ ಸಮೇತ. ಈಗ ಬೇಕಂತಲೇ ಜಿಡ್ಡು ಕಟ್ಟಿಸಿದ ಹಾಳೆ ಮಾಡಿ, ಕೆಲವನ್ನು ಬಿಸಿನೀರಲ್ಲಿ ಸ್ಕಾಚ್‌ಬ್ರೈಟ್ ಹಾಕಿ ತೊಳೆದು, ಕೆಲವನ್ನು ಹಾಗೇ ಬಿಟ್ಟು ಎಳೆಯೋಣ ಅಂತಿದ್ದೇವೆ. ಜಿಡ್ಡಿಗೇನೂ ಬರ ಇಲ್ಲ, ಮಳೆ ಹಿಡಿದುಕೊಂಡಿದೆ. ತೊಂದರೆ ಇರೋದು ಒಣ ಹಾಳೆಗೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಬೇಕು ಅಂತ ಬರೆದುಕೊಟ್ಟ ಅರ್ಜಿ ಇನ್ನೂ ಮೇಜಿಂದ ಮೇಜಿಗೆ ಓಡಾಡುತ್ತಿದೆ. “ಅದನ್ನ ನಂಬಿಕೊಂಡರೆ ಈ ಹುಡುಗಿ ಡಿಗ್ರಿ ದೀಪಾವಳಿಗೆ ಮೇಡಂ,” ಅಂತ ಹೇಳಿ, ಇನ್‌ಸ್ಟ್ರಕ್ಟರ್ ನಿನ್ನೆ ಮನೆಯಿಂದ ರೂಮ್ ಹೀಟರ್ ತಂದಿಟ್ಟಿದ್ದಾರೆ.