ಮುಳುಗಡೆಯ ಬಗ್ಗೆ ಬರೆದ ಮೇಲೆ

ಸಾಮಾಜಿಕ ಜಾಲತಾಣವೊಂದರಲ್ಲಿ ನಾನು ಮೂರು ವರ್ಷಗಳಿಂದ ಶರಾವತಿ ಕಣಿವೆಯ ಕುರಿತು ಬರೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದು, ಅದರಲ್ಲಿ ಮುಳುಗಿದ್ದ ಮಡೆನೂರಿನ ಹಳೆಯ ಅಣೆಕಟ್ಟು ಕಾಣಿಸಿಕೊಂಡಾಗ, ವಿದ್ಯುತ್ತಿಗೆಂದು ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ, ಅಡಿಕೆ ತೋಟಗಳನ್ನು ಬಿಟ್ಟು ಹೊರಟ ಕುಟುಂಬಗಳಲ್ಲಿ ಅನೇಕರಿಗೆ ಅರಣ್ಯಭೂಮಿಯ ತೊಡಕಿನಿಂದಾಗಿ ಇಂದಿಗೂ ಹಕ್ಕುಪತ್ರ ದೊರೆತಿಲ್ಲವೆಂದು ಬರೆದೆ.

ಅರ್ಧ ಗಂಟೆಯೊಳಗೆ, ನಾಡಿಗೆ ವಿದ್ಯುತ್ ಬೇಡವೇ ಎಂಬ ಪ್ರಶ್ನೆಗಳು ಬರತೊಡಗಿದವು. ವಿದ್ಯುತ್ ಬೇಡವೆಂದು ನಾನು ಎಲ್ಲಿಯೂ ಹೇಳಿರಲಿಲ್ಲ. ಅದಕ್ಕಾಗಿ ಊರು ಬಿಟ್ಟವರ ಋಣ ತೀರಿಲ್ಲವೆಂದಷ್ಟೇ ಹೇಳಿದ್ದೆ. ಅಪರಿಚಿತರ ಬೈಗುಳವನ್ನು ಸಹಿಸಬಹುದು. ಆದರೆ ಸಾಗರದ ಕಡೆಯವರೇ ಆದ, ಯಾರ ಬರಹಗಳನ್ನು ನಾನು ಗೌರವದಿಂದ ಓದುತ್ತಿದ್ದೆನೋ ಅವರೇ, ನನ್ನ ಒಂದು ಸಾಲನ್ನು ಮಾತ್ರ ಕತ್ತರಿಸಿ ಹಾಕಿ, ‘ಇವರಿಗೆ ಜೋಗದ ದೀಪವೇ ಕಣ್ಣಿಗೆ ಚುಚ್ಚುತ್ತಿದೆ’ ಎಂದು ಬರೆದಾಗ ಮನಸ್ಸು ಮುರಿಯಿತು. ನಾನೂ ಆ ರಾತ್ರಿ ಕಟುವಾಗಿ ಉತ್ತರಿಸಿದೆ, ಅದು ತಪ್ಪೇ. ಮರುದಿನ ಬೆಳಿಗ್ಗೆ, ಹಲವರ ದೂರಿನ ಮೇರೆಗೆ, ಯಾವ ಕಾರಣವನ್ನೂ ತಿಳಿಸದೆ ನನ್ನ ಬರಹವನ್ನೇ ತೆಗೆದುಹಾಕಲಾಗಿತ್ತು. ಅದರ ಕೆಳಗೆ ಸಂತ್ರಸ್ತ ಕುಟುಂಬಗಳ ಹಿರಿಯರು ಬರೆದಿದ್ದ, ಮುಳುಗಿದ ಊರುಗಳ ನೆನಪುಗಳೂ ಅದರೊಂದಿಗೆ ಹೋದವು. ನನ್ನ ಮಾತನ್ನು ನಾನು ಮತ್ತೆ ಬರೆದೇನು. ಅವರಿಂದ ಮತ್ತೆ ಬರೆಸುವುದು ಸುಲಭವಲ್ಲ. ಈಗ ಒಬ್ಬೊಬ್ಬರ ಮನೆಗೂ ಹೋಗಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.